ಕೊನೆಗೊಂದು ‘ಅಂತೆ’ ಸೇರಿಸಿ ಓದಿ: ರಗ್ಬಿ ಲೀಗ್ ಸುದ್ದಿಯನ್ನು ಎಷ್ಟು ನಂಬಬೇಕು?

ಸಿಡ್ನಿಯ ವೆಸ್ಟ್‌ಮೀಡ್‌ನಲ್ಲಿ ನನ್ನ ಸೋದರತ್ತೆಯ ಮಗ ಇದ್ದಾರೆ. ವಯಸ್ಸಿನಲ್ಲಿ ದೊಡ್ಡವರು, ಹಾಗಾಗಿ ಭಾವ. ಬಸವನಗುಡಿಯಲ್ಲಿ ಇರುವವರೆಗೂ ಕ್ರಿಕೆಟ್ ಬಿಟ್ಟು ಬೇರೆ ಆಟದ ತಂಟೆಗೆ ಹೋದವರಲ್ಲ. ಅಲ್ಲಿಗೆ ಹೋಗಿ ಎರಡು ವರ್ಷಕ್ಕೆ ಪ್ಯಾರಮ್ಯಾಟ ಈಲ್ಸ್ ಅನ್ನುವ ರಗ್ಬಿ ಲೀಗ್ ತಂಡದ ಹುಚ್ಚು ಹಿಡಿಯಿತು, ಆಮೇಲೆ ಫೋನಿನಲ್ಲೇ ಅದನ್ನು ನನಗೂ ಅಂಟಿಸಿದರು. ಈಲ್ಸ್ ಕೊನೆಯ ಸಲ ಕಪ್ ಗೆದ್ದಿದ್ದು 1986ರಲ್ಲಿ. ಹದಿನೆಂಟು ಸೀಸನ್ ‘ಈ ಸಲ ಕಪ್ ನಮ್ದೆ’ ಅಂತ ಕೂಗಿಕೊಂಡು ಬಂದ ಆರ್‌ಸಿಬಿ ಅಭಿಮಾನಿಗೆ ಇಂಥ ತಂಡ ಸಿಕ್ಕಿದರೆ ಬಿಡುತ್ತಾನಾ?

ಒಂದು ದಿನ ಬೆಳಿಗ್ಗೆ ಅಲ್ಲಿನ ದೊಡ್ಡ ಪತ್ರಿಕೆಯೊಂದರ ಸೈಟಿನಲ್ಲಿ ಸುದ್ದಿ ಬಂತು. ಬೇರೆ ಕ್ಲಬ್‌ನ ದೊಡ್ಡ ಆಟಗಾರನೊಬ್ಬ ಈಲ್ಸ್‌ಗೆ ಬರುವುದು ಹೆಚ್ಚುಕಡಿಮೆ ಮುಗಿದ ಮಾತು ಅಂತ. ಜಯನಗರದ ದರ್ಶಿನಿಯೊಂದರ ಮುಂದೆ ನಿಂತು, ಒಂದು ಕೈಯಲ್ಲಿ ಬೈಟು ಕಾಫಿ ಹಿಡಿದುಕೊಂಡೇ, ಅದನ್ನು ಮನೆಯವರ ಗ್ರೂಪಿಗೆ ಹಾಕಿದೆ. ಭಾವ ಅದೇ ದಿನ ಆ ಆಟಗಾರನ ಹೆಸರು ಬರೆಸಿ ಜೆರ್ಸಿ ಆರ್ಡರ್ ಮಾಡಿದರು. ಮೂರು ವಾರಕ್ಕೆ ಆ ಪುಣ್ಯಾತ್ಮ ತನ್ನ ಹಳೇ ಕ್ಲಬ್‌ನಲ್ಲೇ, ಮೊದಲಿಗಿಂತ ಜಾಸ್ತಿ ದುಡ್ಡಿಗೆ, ಸಹಿ ಹಾಕಿದ. ಹೆಸರು ಬರೆಸಿದ ಜೆರ್ಸಿ ವಾಪಸ್ ತೆಗೆದುಕೊಳ್ಳಲ್ಲ ಅಂದರು ಅಂಗಡಿಯವರು.

ಆವತ್ತಿನಿಂದ ನಾವಿಬ್ಬರೂ ಸುದ್ದಿ ಓದುವ ರೀತಿ ಬದಲಾಯಿಸಿದೆವು. ಇತ್ತೀಚೆಗೆ ಬೆಂಗಳೂರಿನಲ್ಲೂ ನಾಲ್ಕು ಜನ ಈ ಆಟ ನೋಡುತ್ತಿದ್ದಾರೆ, ‘ಇಷ್ಟು ದೂರ ಕೂತು ಯಾವ ಪೇಪರ್ ನಂಬೋದು’ ಅಂತ ಕೇಳುತ್ತಾರೆ. ನನ್ನ ಉತ್ತರ ಇಷ್ಟು: ಮೈದಾನದಲ್ಲಿ ಆಗಿಹೋಗಿದ್ದರ ಬಗ್ಗೆ ಬರೆದರೆ ನಂಬಿ. ಮೈದಾನದ ಹೊರಗೆ ಆಗಲಿರುವುದರ ಬಗ್ಗೆ ಬರೆದರೆ, ಅದರಲ್ಲೂ ದುಡ್ಡು ಇದ್ದರೆ, ಬರೆಸಿದವರು ಯಾರು ಅಂತ ನೋಡಿಕೊಂಡು ಆಮೇಲೆ ನಂಬಿ. ಇದನ್ನು ಮಾಡುವುದು ಹೇಗೆ ಅನ್ನುವುದೇ ಮುಂದಿನದು.

ಮೊದಲು ಆಟ ಯಾವುದು ಅಂತ ನೋಡಿ

ಕನ್ನಡದಲ್ಲಿ ಒಂದು ತಾಪತ್ರಯ ಇದೆ. ‘ರಗ್ಬಿ ಲೀಗ್’ ಅಂದ ತಕ್ಷಣ ನಮಗೆ ಕಬಡ್ಡಿ ಲೀಗ್ ತರಹ ಒಂದು ಟೂರ್ನಿ ಅನಿಸುತ್ತದೆ. ಅಲ್ಲ. ಅದು ಆಟದ ಹೆಸರೇ. 1895ರ ಆಗಸ್ಟ್‌ನಲ್ಲಿ ಇಂಗ್ಲೆಂಡಿನ ಹಡರ್ಸ್‌ಫೀಲ್ಡ್‌ನ ಒಂದು ಹೋಟೆಲಿನಲ್ಲಿ ಉತ್ತರದ ಕ್ಲಬ್‌ಗಳು ಸೇರಿ ಹಳೇ ರಗ್ಬಿಯಿಂದ ಬೇರೆಯಾದವು. ಜಗಳ ದುಡ್ಡಿನದು. ಗಣಿ, ಮಿಲ್ಲುಗಳಲ್ಲಿ ದುಡಿಯುವವರು ಆಟಕ್ಕಾಗಿ ಕೆಲಸ ತಪ್ಪಿಸಿದರೆ ಆ ಕೂಲಿ ಕಟ್ಟಿಕೊಡಬೇಕು ಅಂತ ಇವರು, ಆಟಕ್ಕೆ ಕಾಸು ಮುಟ್ಟಬಾರದು ಅಂತ ದಕ್ಷಿಣದ ದೊಡ್ಡ ಮನೆಯವರು. ಹಳೆಯದು ರಗ್ಬಿ ಯೂನಿಯನ್ ಆಯಿತು, ಬೇರೆಯಾದದ್ದು ಮುಂದೆ ರಗ್ಬಿ ಲೀಗ್.

ಲೀಗ್‌ನಲ್ಲಿ 13 ಜನ, ಟ್ರೈಗೆ (ಚೆಂಡನ್ನು ಎದುರಾಳಿಯ ಗೆರೆ ದಾಟಿಸಿ ನೆಲಕ್ಕೆ ಮುಟ್ಟಿಸುವುದು) 4 ಪಾಯಿಂಟ್, ಆರು ಟ್ಯಾಕಲ್ ಆದಮೇಲೆ ಚೆಂಡು ಎದುರಾಳಿಗೆ. ಯೂನಿಯನ್‌ನಲ್ಲಿ 15 ಜನ, ಟ್ರೈಗೆ 5. ವರದಿಯಲ್ಲಿ ಟ್ರೈಗೆ ಐದು ಪಾಯಿಂಟ್ ಅಂತ ಇದ್ದು ಮೇಲೆ ‘ರಗ್ಬಿ ಲೀಗ್’ ಅಂತ ತಲೆಬರಹ ಇದ್ದರೆ ಅಲ್ಲಿಗೆ ಓದು ನಿಲ್ಲಿಸಬಹುದು, ಬರೆದವರಿಗೇ ಯಾವ ಆಟ ಅಂತ ಗೊತ್ತಿಲ್ಲ. ಇಲ್ಲಿನ ಒಂದು ದಿನಪತ್ರಿಕೆಯಲ್ಲಿ ಲೀಗ್ ಸುದ್ದಿಗೆ ಯೂನಿಯನ್‌ನ ದೊಡ್ಡ ಸ್ಕ್ರಮ್ ಫೋಟೊ ಹಾಕಿದ್ದನ್ನು ನಾನೇ ಕತ್ತರಿಸಿ ಇಟ್ಟುಕೊಂಡಿದ್ದೇನೆ. ಪಾಪ, ಡೆಸ್ಕಿನಲ್ಲಿ ರಾತ್ರಿ ಹನ್ನೊಂದಕ್ಕೆ ಏಜೆನ್ಸಿ ಸುದ್ದಿ ಅನುವಾದ ಮಾಡುವವರನ್ನು ಬೈದು ಪ್ರಯೋಜನ ಇಲ್ಲ.

ಹೆಸರುಗಳೂ ಹಾಗೇ ಕಲಸಿಕೊಂಡಿವೆ. ‘ಸೂಪರ್ ಲೀಗ್’ ಇಂಗ್ಲೆಂಡಿನ ರಗ್ಬಿ ಲೀಗ್ ಟೂರ್ನಿ. ‘ಸೂಪರ್ ರಗ್ಬಿ’ ಯೂನಿಯನ್‌ದು. 2025ರ ಜೂನ್‌ನಲ್ಲಿ ಮುಂಬೈನಲ್ಲಿ ನಡೆದ ‘ರಗ್ಬಿ ಪ್ರೀಮಿಯರ್ ಲೀಗ್’ನಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಅಂತ ನಮ್ಮದೂ ಒಂದು ತಂಡ ಇತ್ತಲ್ಲ, ಅದರ ಹೆಸರಲ್ಲಿ ಲೀಗ್ ಇದ್ದರೂ ಆಟ ಏಳು ಜನರ ಸೆವೆನ್ಸ್, ಯೂನಿಯನ್ ಮನೆತನದ್ದು. ಲಂಡನ್ ಪತ್ರಿಕೆ ಬರೀ ‘ರಗ್ಬಿ’ ಅಂದರೆ ಯೂನಿಯನ್. ಸಿಡ್ನಿಯವರು ‘ಫುಟಿ’ ಅಂದರೆ ಲೀಗ್. ಮೆಲ್ಬರ್ನ್‌ನವರು ‘ಫುಟಿ’ ಅಂದರೆ ಎರಡೂ ಅಲ್ಲ, ಅವರದೇ ಬೇರೆ ಆಟ.

‘ಅಂತೆ’ ಪರೀಕ್ಷೆ

ಇದು ನಮ್ಮದೇ ಭಾಷೆಯ ಉಪಕಾರ. ಇನ್ನೊಬ್ಬರ ಬಾಯಿಂದ ಕೇಳಿದ್ದನ್ನು ಕನ್ನಡದವರು ಬರಿದೆ ಹೇಳುವುದಿಲ್ಲ. ‘ಮಳೆ ಬಂತು’ ಅಂದರೆ ನೀವೇ ನೋಡಿದ್ದು. ‘ಮಳೆ ಬಂತಂತೆ’ ಅಂದರೆ ಯಾರೋ ಹೇಳಿದ್ದು. ನಮ್ಮ ಅಜ್ಜಿಯಂತೂ ಈ ವ್ಯತ್ಯಾಸ ತಪ್ಪಿದರೆ ‘ನೀನು ಕಂಡ್ಯಾ?’ ಅಂತ ತಿರುಗಿ ಕೇಳುತ್ತಿದ್ದರು. ಇಂಗ್ಲಿಷ್ ಕ್ರೀಡಾ ವರದಿಯಲ್ಲಿ ಈ ‘ಅಂತೆ’ ಎಲ್ಲೋ ಮೂಲೆಯಲ್ಲಿ ಬಚ್ಚಿಟ್ಟುಕೊಂಡಿರುತ್ತದೆ. ಅದು ಕನ್ನಡಕ್ಕೆ ಬರುವಷ್ಟರಲ್ಲಿ ಪೂರ್ತಿ ಮಾಯವಾಗಿ ‘ಸೇರಲಿದ್ದಾರೆ’, ‘ಆಗಲಿದೆ’ ಅಂತ ಕೂತಿರುತ್ತದೆ. ಈ ‘ಲಿದೆ’ ಇದೆಯಲ್ಲ, ನಮ್ಮ ಕ್ರೀಡಾ ಪುಟದ ದೊಡ್ಡ ಕಳ್ಳ.

ಹಾಗಾಗಿ ಹೀಗೆ ಮಾಡಿ. ವರದಿಯ ಪ್ರತಿ ವಾಕ್ಯವನ್ನೂ ಮನಸ್ಸಿನಲ್ಲೇ ನಿಮ್ಮ ಮನೆಯ ಕನ್ನಡಕ್ಕೆ ತಂದುಕೊಳ್ಳಿ, ಕೊನೆಗೆ ‘ಅಂತೆ’ ಹಾಕಿ ನೋಡಿ. ‘ಪೆನ್ರಿತ್ 2023ರ ಗ್ರ್ಯಾಂಡ್ ಫೈನಲ್‌ನಲ್ಲಿ ಬ್ರಿಸ್ಬೇನ್ ಮೇಲೆ 26-24ರಿಂದ ಗೆದ್ದಿತು.’ ಇದಕ್ಕೆ ‘ಅಂತೆ’ ಬೇಕಾಗಿಲ್ಲ, ಲಕ್ಷಾಂತರ ಜನ ನೋಡಿದ್ದಾರೆ. ‘ಕೋಚ್ ಪತ್ರಿಕಾಗೋಷ್ಠಿಯಲ್ಲಿ ಹೀಗೆಂದರು.’ ಇದಕ್ಕೂ ಬೇಡ, ಹೇಳಿದವರ ಹೆಸರಿದೆ, ವಿಡಿಯೊ ಇದೆ. ಅವರು ಹೇಳಿದ್ದು ನಿಜವೋ ಅಲ್ಲವೋ ಅದು ಬೇರೆ ಮಾತು. ‘ಮೂರು ಕ್ಲಬ್‌ಗಳು ಆ ಆಟಗಾರನ ಹಿಂದೆ ಬಿದ್ದಿವೆ.’ ಇಲ್ಲಿ ನಿಲ್ಲಿ. ಬಿದ್ದಿವೆಯಂತೆ. ಯಾರು ಹೇಳಿದ್ದು?

ಉತ್ತರ ಸಾಮಾನ್ಯವಾಗಿ ಮೂರ್ನಾಲ್ಕು ಕಡೆಯಲ್ಲೇ ಇರುತ್ತದೆ. ಆಟಗಾರನ ಏಜೆಂಟ್: ಹಳೇ ಕ್ಲಬ್ ದುಡ್ಡು ಏರಿಸಲಿ ಅಂತ. ಹೊಸ ಕ್ಲಬ್: ಅಭಿಮಾನಿಗಳು ಸೀಸನ್ ಟಿಕೆಟ್ ಕೊಳ್ಳಲಿ ಅಂತ. ಹಳೇ ಕ್ಲಬ್: ಇವನೇ ದುಡ್ಡಿಗೆ ಆಸೆಪಟ್ಟು ಹೊರಟ, ನಮ್ಮ ತಪ್ಪೇನಿಲ್ಲ ಅಂತ. ಮದುವೆ ಬ್ರೋಕರ್ ‘ಇನ್ನೂ ಎರಡು ಕಡೆಯಿಂದ ಕೇಳ್ತಾ ಇದ್ದಾರೆ’ ಅನ್ನುತ್ತಾರಲ್ಲ, ಅದೇ ಇದು. ಸುಳ್ಳೇ ಅಂತಲ್ಲ. ಆದರೆ ಹೇಳುವುದಕ್ಕೆ ಕಾರಣ ಇದೆ.

ಎನ್‌ಆರ್‌ಎಲ್‌ನಲ್ಲಿ (ನ್ಯಾಷನಲ್ ರಗ್ಬಿ ಲೀಗ್, ಅಂದರೆ ಈಲ್ಸ್ ಆಡುವ ಆಸ್ಟ್ರೇಲಿಯಾದ ದೊಡ್ಡ ಟೂರ್ನಿ) ಇದು ಇಷ್ಟು ಜಾಸ್ತಿ ಆಗುವುದಕ್ಕೆ ನಿಯಮವೇ ಕಾರಣ. ಒಪ್ಪಂದದ ಕೊನೆಯ ಒಂದು ವರ್ಷ ಬಾಕಿ ಇರುವಾಗಲೇ, ಅಂದರೆ ಹಿಂದಿನ ವರ್ಷದ ನವೆಂಬರ್ 1ರಿಂದ, ಆಟಗಾರ ಬೇರೆ ಕ್ಲಬ್ ಜತೆ ಮಾತಾಡಬಹುದು. ಈ ಕ್ಲಬ್‌ಗೆ ಆಡುತ್ತಾ, ಮುಂದಿನ ವರ್ಷ ಇನ್ನೊಂದು ಕ್ಲಬ್ ಅಂತ ಎಲ್ಲರಿಗೂ ಗೊತ್ತಿದ್ದು, ಇಡೀ ಸೀಸನ್ ಕಳೆಯುವುದು ಅಲ್ಲಿ ಮಾಮೂಲಿ. ಐಪಿಎಲ್‌ನಲ್ಲಿ ಹರಾಜು ಒಂದೆರಡು ದಿನದಲ್ಲಿ ಮುಗಿಯುತ್ತದೆ. ಅಲ್ಲಿ ಹರಾಜು ವರ್ಷವಿಡೀ, ಮುಚ್ಚಿದ ಬಾಗಿಲ ಹಿಂದೆ, ಹೊರಗೆ ವರದಿಗಾರರು ಕಿವಿಗೊಟ್ಟು ನಿಂತಿರುತ್ತಾರೆ.

ವರದಿ ನೂರಕ್ಕೆ ನೂರು ಸರಿ ಇದ್ದೂ ಕೊನೆಗೆ ಸುಳ್ಳಾಗಬಹುದು. 2015ರಲ್ಲಿ ಮ್ಯಾನ್ಲಿ ತಂಡದ ಡೇಲಿ ಚೆರಿ-ಇವಾನ್ಸ್ ಗೋಲ್ಡ್ ಕೋಸ್ಟ್ ಟೈಟನ್ಸ್‌ಗೆ ಹೋಗುವುದಾಗಿ ಒಪ್ಪಿಕೊಂಡರು, ಅದು ಅಧಿಕೃತವಾಗಿಯೇ ಪ್ರಕಟವಾಯಿತು. ಆಗ ಒಂದು ನಿಯಮ ಇತ್ತು, 13ನೇ ಸುತ್ತಿನವರೆಗೆ ಆಟಗಾರ ಮನಸ್ಸು ಬದಲಾಯಿಸಬಹುದು ಅಂತ. ಜೂನ್‌ನಲ್ಲಿ ಅವರು ಬದಲಾಯಿಸಿದರು, ಮ್ಯಾನ್ಲಿಯಲ್ಲೇ ಉಳಿದರು. ಮಾರ್ಚ್‌ನಲ್ಲಿ ಬರೆದ ವರದಿಗಾರ ಏನೂ ತಪ್ಪು ಮಾಡಿರಲಿಲ್ಲ. ಆಮೇಲೆ ಆ ನಿಯಮವನ್ನೇ ತೆಗೆದುಹಾಕಿದರು.

ಪತ್ರಿಕೆ ಯಾರದು, ಟಿವಿ ಯಾರದು

ಇದು ಮುಖ್ಯ ಭಾಗ. ಬೇರೆ ಏನೂ ಮಾಡದಿದ್ದರೂ ಇದೊಂದನ್ನು ಮಾಡಿ.

ಆಸ್ಟ್ರೇಲಿಯಾದಲ್ಲಿ ಈ ಆಟದ ಬಗ್ಗೆ ಬರೆಯುವವರು ಮುಖ್ಯವಾಗಿ ಎರಡು ಮನೆಯವರು. ಒಂದು ರೂಪರ್ಟ್ ಮರ್ಡಾಕ್ ಕುಟುಂಬದ ನ್ಯೂಸ್ ಕಾರ್ಪ್: ಸಿಡ್ನಿಯ ಡೈಲಿ ಟೆಲಿಗ್ರಾಫ್, ಬ್ರಿಸ್ಬೇನ್‌ನ ಕೊರಿಯರ್ ಮೇಲ್ ಇವರದು. ಇನ್ನೊಂದು ನೈನ್: ಪಂದ್ಯ ತೋರಿಸುವ ಚಾನೆಲ್ ಇವರದು, 2018ರಲ್ಲಿ ಫೇರ್‌ಫ್ಯಾಕ್ಸ್ ಕೊಂಡ ಮೇಲೆ ಸಿಡ್ನಿ ಮಾರ್ನಿಂಗ್ ಹೆರಾಲ್ಡ್ ಕೂಡ ಇವರದೇ. 2025ರಲ್ಲಿ ನ್ಯೂಸ್ ಕಾರ್ಪ್ ತನ್ನ ಪೇ-ಟಿವಿ ಫಾಕ್ಸ್‌ಟೆಲ್ ಮಾರುವವರೆಗೂ ಆಟ ತೋರಿಸಲು ದುಡ್ಡು ಕೊಡುತ್ತಿದ್ದವರೂ ಇವರಿಬ್ಬರೇ, ಆಟ ನಡೆಸುವವರನ್ನು ಪ್ರಶ್ನೆ ಕೇಳಬೇಕಾದವರೂ ಇವರೇ. ಬ್ರಿಸ್ಬೇನ್‌ನಲ್ಲಿ ಇನ್ನೂ ಮಜ. ಬ್ರಾಂಕೋಸ್ ಕ್ಲಬ್‌ನ ಹೆಚ್ಚಿನ ಪಾಲು ನ್ಯೂಸ್ ಕಾರ್ಪ್‌ದು, ಆ ಊರಿನ ದೊಡ್ಡ ಪತ್ರಿಕೆಯೂ ಅದರದ್ದೇ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ.

ನಮಗಿದು ಹೊಸದೇನಲ್ಲ. 2015ರಲ್ಲಿ ಸ್ಟಾರ್ ಇಂಡಿಯಾ ಪ್ರೊ ಕಬಡ್ಡಿ ನಡೆಸುವ ಮಾಶಾಲ್ ಸ್ಪೋರ್ಟ್ಸ್‌ನ ಶೇ 74ರಷ್ಟು ಪಾಲು ಕೊಂಡಿತು. ಟೂರ್ನಿಯೂ ಅವರದೇ, ತೋರಿಸುವ ಚಾನೆಲ್ಲೂ ಅವರದೇ. ಬೆಂಗಳೂರು ಬುಲ್ಸ್ 2019ರ ಜನವರಿಯಲ್ಲಿ ಕಪ್ ಎತ್ತಿದಾಗ, ಪವನ್ ಸೆಹ್ರಾವತ್ ಫೈನಲ್‌ನಲ್ಲಿ ಒಬ್ಬರೇ 22 ಪಾಯಿಂಟ್ ತಂದಾಗ, ನಾವು ಕುಣಿದೆವು, ಅದು ಸರಿಯೇ. ಆ ಚಾನೆಲ್ ‘ಈ ಸೀಸನ್ ಬೋರ್ ಹೊಡೀತು’ ಅಂತ ಎಂದಾದರೂ ಹೇಳಿದ್ದನ್ನು ನೀವು ಕೇಳಿದ್ದೀರಾ? ನಾನಂತೂ ಕೇಳಿಲ್ಲ.

ಮಾಲೀಕರ ಜಗಳ ಪತ್ರಿಕೆಗೆ ಬಂದರೆ ಏನಾಗುತ್ತದೆ ಅಂತ ತಿಳಿಯಲು 1995ಕ್ಕೆ ಹೋಗಬೇಕು. ಮರ್ಡಾಕ್ ಕಂಪನಿಗೆ ಹೊಸ ಪೇ-ಟಿವಿಗೆ ಆಟ ಬೇಕಿತ್ತು. ಹಕ್ಕು ಕೆರ್ರಿ ಪ್ಯಾಕರ್ ಕಡೆ ಇತ್ತು. ಪ್ಯಾಕರ್ ಅಂದರೆ ಗೊತ್ತಲ್ಲ, 1977ರಲ್ಲಿ ವರ್ಲ್ಡ್ ಸೀರೀಸ್ ಕ್ರಿಕೆಟ್ ಶುರು ಮಾಡಿ ಇಡೀ ಕ್ರಿಕೆಟನ್ನು ತಲೆಕೆಳಗು ಮಾಡಿದವರು. ಈ ಸಲ ಅದೇ ಆಟವನ್ನು ಅವರ ಮೇಲೆ ಇನ್ನೊಬ್ಬರು ಆಡಿದರು. ಆಟಗಾರರನ್ನು ರಾತ್ರೋರಾತ್ರಿ ಕರೆದು ಸಹಿ ಹಾಕಿಸಿಕೊಂಡರು, ಇನ್ನೊಂದು ಕಡೆಯವರು ಅದಕ್ಕಿಂತ ದೊಡ್ಡ ಚೆಕ್ ಬರೆದರು, ಕೋರ್ಟಿಗೆ ಹೋದರು. 1997ರಲ್ಲಿ ಆಸ್ಟ್ರೇಲಿಯಾದಲ್ಲಿ ಒಂದೇ ಆಟಕ್ಕೆ ಎರಡು ಬೇರೆ ಟೂರ್ನಿ ನಡೆದವು. ಎರಡೂ ಕಡೆ ನಷ್ಟ. 1998ರಲ್ಲಿ ರಾಜಿಯಾಗಿ ಎನ್‌ಆರ್‌ಎಲ್ ಹುಟ್ಟಿತು, ಅದರಲ್ಲಿ ಅರ್ಧ ಪಾಲು ಅದೇ ನ್ಯೂಸ್ ಕಂಪನಿಗೆ. ಆ ಅರ್ಧ ಪಾಲು 2012ರವರೆಗೂ ಇತ್ತು. ಅಂದರೆ ಹದಿನಾಲ್ಕು ವರ್ಷ, ಆಟದ ಬಗ್ಗೆ ಅತಿ ಹೆಚ್ಚು ಬರೆಯುತ್ತಿದ್ದ ಪತ್ರಿಕೆಗಳ ಒಡೆಯರೇ ಆಟದ ಅರ್ಧ ಒಡೆಯರು.

ಆ ರಾಜಿಯಲ್ಲಿ ತಂಡಗಳನ್ನು 14ಕ್ಕೆ ಇಳಿಸಬೇಕು ಅಂತ ಆಯಿತು. 1908ರ ಮೊದಲ ಸೀಸನ್‌ನಿಂದ ಇದ್ದ ಸೌತ್ ಸಿಡ್ನಿ ರ‍್ಯಾಬಿಟೋಸ್ ತಂಡವನ್ನು 1999ರ ಕೊನೆಗೆ ಹೊರಗೆ ಹಾಕಿದರು. ಜನ ಬೀದಿಗೆ ಬಂದರು. 2000ದ ನವೆಂಬರ್‌ನ ಮೆರವಣಿಗೆಗೆ ಸುಮಾರು 80 ಸಾವಿರ ಜನ ಸೇರಿದ್ದರು ಅಂತ ಅಂದಾಜು. ಒಂದು ಕ್ಲಬ್‌ಗಾಗಿ. ಆ ಕಂಪನಿಯ ಪತ್ರಿಕೆ ಕೊಳ್ಳುವುದನ್ನೇ ಬಿಟ್ಟ ಮನೆಗಳಿದ್ದವು, ಇವತ್ತಿಗೂ ಕೊಳ್ಳದವರನ್ನು ಭಾವ ನೋಡಿದ್ದಾರೆ. 2001ರಲ್ಲಿ ಕೋರ್ಟಿನಲ್ಲಿ ಗೆದ್ದು 2002ರಲ್ಲಿ ತಂಡ ವಾಪಸ್ ಬಂತು. 2003ರಲ್ಲಿ ಮೇಲಿನ ಕೋರ್ಟ್ ತೀರ್ಪು ಕಂಪನಿಯ ಕಡೆಗೇ ಹೋಯಿತು, ಆದರೂ ತಂಡವನ್ನು ಮತ್ತೆ ಮುಟ್ಟಲಿಲ್ಲ. 2014ರಲ್ಲಿ ಅವರೇ ಚಾಂಪಿಯನ್.

2010ರ ಏಪ್ರಿಲ್ ಇನ್ನೊಂದು ಪಾಠ. ಮೆಲ್ಬರ್ನ್ ಸ್ಟಾರ್ಮ್ ತಂಡ ಆಟಗಾರರ ಸಂಬಳದ ಮಿತಿ ಮೀರಿ ಗುಟ್ಟಾಗಿ ದುಡ್ಡು ಕೊಟ್ಟಿದ್ದು ಸಿಕ್ಕಿಬಿತ್ತು. 2007 ಮತ್ತು 2009ರ ಪ್ರಶಸ್ತಿ ಕಿತ್ತುಕೊಂಡರು. ಆ ವರ್ಷ ಎಷ್ಟು ಗೆದ್ದರೂ ಪಾಯಿಂಟ್ ಇಲ್ಲ ಅಂದರು. ಸ್ಟಾರ್ಮ್‌ನ ಮಾಲೀಕರು ಯಾರು? ನ್ಯೂಸ್. ಶಿಕ್ಷೆ ಕೊಟ್ಟ ಎನ್‌ಆರ್‌ಎಲ್‌ನ ಅರ್ಧ ಯಾರದು? ನ್ಯೂಸ್. ಸುದ್ದಿ ಬರೆದವರಲ್ಲಿ ಅರ್ಧ ಜನಕ್ಕೆ ಸಂಬಳ ಕೊಡುವವರು? ಹೇಳಬೇಕಾಗಿಲ್ಲ. ಅವರ ಪತ್ರಿಕೆಗಳು ಮುಚ್ಚಿಟ್ಟವು ಅಂತ ನಾನು ಹೇಳುತ್ತಿಲ್ಲ, ಪುಟಗಟ್ಟಲೆ ಬರೆದವು. ಆದರೆ ‘ಮೇಲಿನವರಿಗೆ ಎಷ್ಟು ಗೊತ್ತಿತ್ತು’ ಅನ್ನುವ ಒಂದೇ ಒಂದು ಪ್ರಶ್ನೆಗೆ ಎದುರು ಮನೆಯ ಪತ್ರಿಕೆಯನ್ನೂ ಪಕ್ಕದಲ್ಲಿಟ್ಟುಕೊಂಡು ಓದಬೇಕಿತ್ತು. ಇನ್ನೊಂದು ವಿಷಯ: ಮೊದಲ ದಿನ ಹೇಳಿದ ಮೊತ್ತ ಸುಮಾರು 17 ಲಕ್ಷ ಡಾಲರ್. ಲೆಕ್ಕಪರಿಶೋಧಕರು ಪೂರ್ತಿ ತೆಗೆದು ನೋಡಿದಾಗ 30 ಲಕ್ಷ ದಾಟಿತು. ಮೊದಲ ದಿನದ ಸಂಖ್ಯೆ ಯಾವಾಗಲೂ ಪೆನ್ಸಿಲ್‌ನಲ್ಲಿ ಬರೆದದ್ದು ಅಂತ ಇಟ್ಟುಕೊಳ್ಳಿ.

ನೈನ್ ಕಡೆಯದೂ ಇದೆ, ಒಂದು ಮನೆಯವರನ್ನೇ ಬೈದ ಹಾಗಾಗಬಾರದು. 2020ರ ಏಪ್ರಿಲ್‌ನಲ್ಲಿ ಕೋವಿಡ್‌ನಿಂದ ಆಟ ನಿಂತಿತ್ತು. ಎನ್‌ಆರ್‌ಎಲ್ ವರ್ಷಗಟ್ಟಲೆ ದುಡ್ಡು ಪೋಲು ಮಾಡಿದೆ ಅಂತ ನೈನ್ ಕಂಪನಿ ಬಹಿರಂಗ ಹೇಳಿಕೆ ಕೊಟ್ಟಿತು. ಅದೇ ತಿಂಗಳು ಎನ್‌ಆರ್‌ಎಲ್ ಸಿಇಒ ಟಾಡ್ ಗ್ರೀನ್‌ಬರ್ಗ್ ಕುರ್ಚಿ ಬಿಟ್ಟರು. (ಈಗ ಕ್ರಿಕೆಟ್ ಆಸ್ಟ್ರೇಲಿಯಾ ನಡೆಸುವವರು ಅವರೇ.) ಮುಂದಿನ ತಿಂಗಳು ಟಿವಿ ಒಪ್ಪಂದ ಮತ್ತೆ ಬರೆಯಲಾಯಿತು, ಕಡಿಮೆ ಬೆಲೆಗೆ. ನೈನ್ ಹೇಳಿದ ಟೀಕೆ ಸರಿಯೂ ಇರಬಹುದು. ಆದರೆ ಅಂಗಡಿಯವನ ಮುಂದೆ ‘ಈ ಬದನೆಕಾಯಿ ಹುಳುಕು’ ಅನ್ನುವವರು ಯಾಕೆ ಹಾಗನ್ನುತ್ತಾರೆ ಅಂತ ಕೆ.ಆರ್. ಮಾರ್ಕೆಟ್‌ಗೆ ಒಂದು ಸಲ ಹೋಗಿ ಬಂದವರಿಗೆಲ್ಲ ಗೊತ್ತು.

ಹಾಗಾಗಿ ಕೆಲಸ ಏನು? ಟಿವಿ ಹಕ್ಕು, ಹೊಸ ತಂಡ, ಸಿಇಒ, ಕ್ಲಬ್ ಮಾರಾಟ ಇಂಥ ಸುದ್ದಿಗೆ ಎರಡೂ ಮನೆಯ ಪತ್ರಿಕೆ ಓದಿ, ಜತೆಗೆ ಟಿವಿ ಹಕ್ಕಿನಲ್ಲಾಗಲಿ ಕ್ಲಬ್‌ನಲ್ಲಾಗಲಿ ಪಾಲಿಲ್ಲದ ಎಬಿಸಿ (ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ) ಅಥವಾ ಗಾರ್ಡಿಯನ್ ಓದಿ. ಮೂವರೂ ಒಪ್ಪಿದ್ದು ಗಟ್ಟಿ. ಒಬ್ಬರು ಮಾತ್ರ ಕೂಗುತ್ತಿದ್ದರೆ, ಆ ಕೂಗಿಗೆ ಬೆಲೆ ಎಷ್ಟು ಅಂತ ಯೋಚಿಸಿ.

ಮೈಕ್ ಹಿಡಿದವರು

ಕಾಮೆಂಟರಿಯನ್ನು ಸುದ್ದಿ ಅಂದುಕೊಳ್ಳಬೇಡಿ. ಫಿಲ್ ಗೌಲ್ಡ್ 2021ರಿಂದ ಕ್ಯಾಂಟರ್ಬರಿ ಬುಲ್‌ಡಾಗ್ಸ್‌ನ ಆಡಳಿತದಲ್ಲೂ ಇದ್ದರು, ನೈನ್‌ನಲ್ಲಿ ಮಾತೂ ಆಡುತ್ತಿದ್ದರು. ಮುಚ್ಚುಮರೆ ಏನಿಲ್ಲ, ಎಲ್ಲರಿಗೂ ಗೊತ್ತಿದ್ದದ್ದೇ. ಅವರಷ್ಟು ಆಟ ಬಲ್ಲವರೂ ಕಡಿಮೆ, ನನಗೆ ಅವರ ಮಾತು ಕೇಳಲು ಇಷ್ಟ. ಆದರೆ ರೆಫರಿ ತೀರ್ಪಿನ ಬಗ್ಗೆ ಅವರು ಏನಂದರೂ ಅದು ಹುಡುಗನ ಕಡೆಯವರು ಹೇಳಿದ ಮಾತು.

ಇಂಗ್ಲೆಂಡಿನಲ್ಲಿ ಇನ್ನೊಂದು ತರಹ. ದಶಕಗಳ ಕಾಲ ಬಿಬಿಸಿಯಲ್ಲಿ ಈ ಆಟದ ಧ್ವನಿ ಎಡ್ಡಿ ವೇರಿಂಗ್. ದೇಶವೆಲ್ಲ ನಕ್ಕು ಕೇಳುತ್ತಿತ್ತು, ಉತ್ತರದ ಎಷ್ಟೋ ಅಭಿಮಾನಿಗಳಿಗೆ ಮಾತ್ರ ತಮ್ಮ ಆಟವನ್ನು ತಮಾಷೆ ಮಾಡಿದ ಹಾಗೆ ಅನಿಸುತ್ತಿತ್ತು. ನಮ್ಮ ಊರಿನ ಕನ್ನಡವನ್ನು ಸಿನಿಮಾದಲ್ಲಿ ಬರೀ ಕಾಮಿಡಿ ಪಾತ್ರಕ್ಕೆ ಇಟ್ಟಾಗ ನಮಗೆ ಆಗುತ್ತದಲ್ಲ, ಹಾಗೆ.

ಸಂಖ್ಯೆಗಳು

ಕ್ರೀಡಾಂಗಣಕ್ಕೆ ಬಂದವರ ಲೆಕ್ಕ ಒಂದು. ಟಿವಿ ನೋಡಿದವರ ಲೆಕ್ಕ ಇನ್ನೊಂದು. 2024ರ ಮಾರ್ಚ್‌ನಲ್ಲಿ ಎನ್‌ಆರ್‌ಎಲ್ ಲಾಸ್ ವೇಗಸ್‌ನಲ್ಲಿ ಸೀಸನ್ ಶುರು ಮಾಡಿದಾಗ ಗ್ಯಾಲರಿಯಲ್ಲಿ 40 ಸಾವಿರಕ್ಕೂ ಹೆಚ್ಚು ಜನ ಇದ್ದರು, ಅದು ನಿಜ. ಆದರೆ ಅದರಲ್ಲಿ ಎಷ್ಟೋ ಮಂದಿ ಆಸ್ಟ್ರೇಲಿಯಾದಿಂದಲೇ ವಿಮಾನ ಹತ್ತಿ ಹೋದವರು. ‘ಅಮೆರಿಕ ಗೆದ್ದೆವು’ ಅನ್ನುವ ತಲೆಬರಹಕ್ಕೂ ಆ 40 ಸಾವಿರಕ್ಕೂ ನಡುವೆ ದೊಡ್ಡ ಸಮುದ್ರವೇ ಇದೆ.

ಟಿವಿಯಲ್ಲಿ ‘ರೀಚ್’ ಅನ್ನುವ ಪದ ಕಂಡರೆ ಎಚ್ಚರ. ಒಂದು ನಿಮಿಷ ಚಾನೆಲ್ ನಿಲ್ಲಿಸಿ ನೋಡಿದವರೂ ಅದರಲ್ಲಿ ಸೇರುತ್ತಾರೆ. ರಿಮೋಟ್ ಹುಡುಕುವಾಗ ಅಕಸ್ಮಾತ್ ನೋಡಿದ ನಮ್ಮತ್ತೆಯೂ ಪ್ರೇಕ್ಷಕರೇ. ಸರಾಸರಿ ಪ್ರೇಕ್ಷಕರ ಸಂಖ್ಯೆ ಕೇಳಿ, ಅದು ಯಾವಾಗಲೂ ಚಿಕ್ಕದು. ಎರಡು ವರ್ಷ ಹೋಲಿಸುವಾಗ ಒಂದಕ್ಕೆ ರೀಚ್, ಇನ್ನೊಂದಕ್ಕೆ ಸರಾಸರಿ ಇಟ್ಟು ‘ದುಪ್ಪಟ್ಟು’ ಅಂದರೆ ಆ ವರದಿ ಮುಚ್ಚಿಡಿ.

ಕೇಸು ಬಿದ್ದಾಗ

ಆಟಗಾರನ ಮೇಲೆ ಕೇಸಾದರೆ ಇಂಗ್ಲಿಷ್ ವರದಿ ಬಹಳ ಅಳೆದು ತೂಗಿ ಬರೆಯುತ್ತದೆ, ಆಸ್ಟ್ರೇಲಿಯಾದ ಮಾನನಷ್ಟ ಕಾನೂನು ಅಷ್ಟು ಬಿಗಿ. 2019ರಿಂದ ಒಂದು ನಿಯಮ ಇದೆ: 11 ವರ್ಷ ಅಥವಾ ಹೆಚ್ಚು ಜೈಲು ಆಗಬಹುದಾದ ಆರೋಪ ಹೊರಿಸಿದರೆ ಆಟಗಾರ ಕಡ್ಡಾಯವಾಗಿ ಹೊರಗೆ ಕೂರಬೇಕು, ತೀರ್ಪು ಬರುವವರೆಗೆ, ಸಂಬಳ ಮಾತ್ರ ಬರುತ್ತದೆ. ತಪ್ಪು ಮಾಡಿದ್ದಾನೆ ಅಂತ ಅದರ ಅರ್ಥ ಅಲ್ಲ. ಕನ್ನಡದಲ್ಲಿ ಅದು ‘ವಜಾ’ ಅಂತ ಬಂದಿದ್ದನ್ನು ನೋಡಿದ್ದೇನೆ. ಒಂದೇ ಪದ, ಒಬ್ಬ ಮನುಷ್ಯನ ಮಾನ.

ಬರೆಯದೇ ಇರುವುದು

ಸುಳ್ಳು ಸುದ್ದಿಗಿಂತ ನನಗೆ ಹೆಚ್ಚು ಯೋಚನೆ ಆಗುವುದು ಬರದ ಸುದ್ದಿಯದು. ತಲೆಗೆ ಬೀಳುವ ಪೆಟ್ಟಿನ ವಿಷಯ ನೋಡಿ. 2019ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ತೀರಿಹೋದ ಇಬ್ಬರು ಮಾಜಿ ರಗ್ಬಿ ಲೀಗ್ ಆಟಗಾರರ ಮೆದುಳಿನಲ್ಲಿ ಸಿಟಿಇ ಅನ್ನುವ ಕಾಯಿಲೆ ಕಂಡರು. ಮತ್ತೆ ಮತ್ತೆ ತಲೆಗೆ ಪೆಟ್ಟು ಬಿದ್ದವರಲ್ಲಿ ಕಾಣುವ, ನಿಧಾನವಾಗಿ ಮೆದುಳು ಹಾಳುಮಾಡುವ ರೋಗ ಇದು. ಈ ಆಟದಲ್ಲಿ ಅದೇ ಮೊದಲು ಪತ್ತೆಯಾದದ್ದು. ಆದರೆ ಅದಕ್ಕೂ ಎಷ್ಟೋ ವರ್ಷ ಮೊದಲಿಂದ ಟಿವಿಯವರು ಜೋರು ಡಿಕ್ಕಿಗಳನ್ನೆಲ್ಲ ಸೇರಿಸಿ, ಸಂಗೀತ ಹಾಕಿ ತೋರಿಸುತ್ತಿದ್ದರು, ನಾವೂ ಮತ್ತೆ ಮತ್ತೆ ಹಾಕಿ ನೋಡುತ್ತಿದ್ದೆವು. ನಾನು ಸೇರಿ. ಇಂಥ ವಿಷಯಕ್ಕೆ ಕ್ರೀಡಾ ಪುಟ ಸಾಕಾಗುವುದಿಲ್ಲ, ಆರೋಗ್ಯ ವರದಿಗಾರರು ಬರೆದದ್ದನ್ನು ಹುಡುಕಿ.

ಪಪುವಾ ನ್ಯೂಗಿನಿ ಕಥೆಯೂ ಹಾಗೇ. ಅಲ್ಲಿ ರಗ್ಬಿ ಲೀಗ್ ಅಂದರೆ ನಮ್ಮಲ್ಲಿ ಕ್ರಿಕೆಟ್ ಇದ್ದಂತೆ. 2028ರಿಂದ ಅವರಿಗೆ ಎನ್‌ಆರ್‌ಎಲ್ ತಂಡ ಅಂತ 2024ರ ಡಿಸೆಂಬರ್‌ನಲ್ಲಿ ಘೋಷಣೆಯಾಯಿತು. ಕ್ರೀಡಾ ಪುಟದಲ್ಲಿ ಇದು ಕನಸು ನನಸಾದ ಕಥೆ. ಆದರೆ ಹತ್ತು ವರ್ಷಕ್ಕೆ 60 ಕೋಟಿ ಡಾಲರ್ ಕೊಡುತ್ತಿರುವುದು ಆಸ್ಟ್ರೇಲಿಯಾ ಸರ್ಕಾರ. ಯಾಕೆ? ಪೆಸಿಫಿಕ್‌ನಲ್ಲಿ ಚೀನಾ ಕಾಲೂರಬಾರದು ಅನ್ನುವ ಲೆಕ್ಕವೂ ಅದರಲ್ಲಿದೆ. ಈ ಅರ್ಧ ಕಥೆ ವಿದೇಶಾಂಗ ಪುಟದಲ್ಲಿ ಸಿಗುತ್ತದೆ. ಕ್ರೀಡಾ ಪುಟ ಮಾತ್ರ ಓದಿದವರಿಗೆ ಸರ್ಕಾರಕ್ಕೆ ಇದ್ದಕ್ಕಿದ್ದ ಹಾಗೆ ಆಟದ ಮೇಲೆ ಪ್ರೀತಿ ಬಂತೇನೋ ಅನಿಸುತ್ತದೆ.

ಹಾಗಾದರೆ ಯೂಟ್ಯೂಬ್ ನೋಡೋಣ್ವಾ?

ಬೇಡ ಅನ್ನಲ್ಲ. ಆಟದ ತಂತ್ರ ವಿವರಿಸುವ ಕೆಲವು ಹುಡುಗರು ಯಾವ ಪತ್ರಿಕೆಗಿಂತಲೂ ಚೆನ್ನಾಗಿ ಹೇಳುತ್ತಾರೆ. ಆದರೆ ಸುದ್ದಿ ವಿಷಯಕ್ಕೆ ಬಂದರೆ ಅವರಲ್ಲಿ ಹೆಚ್ಚಿನವರು ಪತ್ರಿಕೆಯ ವರದಿಯನ್ನೇ ಓದಿ, ಅದರಲ್ಲಿದ್ದ ‘ಇರಬಹುದು’ಗಳನ್ನೆಲ್ಲ ಕಿತ್ತು, ದನಿ ಎತ್ತರಿಸಿ ಹೇಳುವವರು. ಪತ್ರಿಕೆಯವರಿಗೆ ಕೊನೇಪಕ್ಷ ಒಬ್ಬ ಸಂಪಾದಕ, ಒಬ್ಬ ವಕೀಲ, ನಾಳೆ ಅದೇ ಕ್ಲಬ್‌ಗೆ ಫೋನ್ ಮಾಡಬೇಕಾದ ಮುಜುಗರ ಇರುತ್ತದೆ. ಇವರಿಗೆ ಯಾವುದೂ ಇಲ್ಲ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ಇಲ್ಲಿಯೇ ಜಾಸ್ತಿ.

ನಿಮ್ಮನ್ನೂ ಸ್ವಲ್ಪ ಅನುಮಾನಿಸಿ

ಇದನ್ನು ಹೇಳದೇ ಮುಗಿಸಿದರೆ ಭಾವ ಬೈಯುತ್ತಾರೆ, ಯಾಕೆಂದರೆ ಇದು ಅವರದೇ ಕಥೆ, ಅವರೇ ನಕ್ಕೊಂಡು ಹೇಳುವುದು. 2016ರ ಮೇನಲ್ಲಿ ಈಲ್ಸ್ ಸಂಬಳದ ಮಿತಿ ಮೀರಿದೆ ಅಂತ ಸುದ್ದಿ ಬಂದಾಗ ಅವರು ನಂಬಲೇ ಇಲ್ಲ. ‘ಎಲ್ಲ ಪೇಪರ್‌ನವರ ಪಿತೂರಿ ಕಣೋ’ ಅಂದರು. ಮಾಲೀಕ ಯಾರು, ಯಾರಿಗೆ ಲಾಭ ಅಂತ ಫೋನಿನಲ್ಲಿ ಅರ್ಧ ಗಂಟೆ ಲೆಕ್ಕ ಹಾಕಿದರು. ಕೊನೆಗೆ ಈಲ್ಸ್‌ಗೆ 12 ಪಾಯಿಂಟ್ ಕಡಿತ, 10 ಲಕ್ಷ ಡಾಲರ್ ದಂಡ. ಪೇಪರ್ ಸರಿಯಾಗಿಯೇ ಬರೆದಿತ್ತು. ಜೆರ್ಸಿ ಸುದ್ದಿ ಸಿಹಿಯಾಗಿತ್ತು, ಒಂದೇ ಏಟಿಗೆ ನಂಬಿದೆವು. ಇದು ಕಹಿಯಾಗಿತ್ತು, ಎಷ್ಟು ಸಾಕ್ಷಿ ಕೊಟ್ಟರೂ ನಂಬಲಿಲ್ಲ. ನಿಮ್ಮ ತಂಡದ ಬಗ್ಗೆ ಖುಷಿ ಕೊಡುವ ಸುದ್ದಿ ಬಂದಾಗ ಎರಡು ಸಲ ಪರೀಕ್ಷೆ ಮಾಡಿ. ಸಿಟ್ಟು ತರಿಸುವ ಸುದ್ದಿ ಬಂದಾಗ, ಅದು ನಿಮಗೆ ಆಗದ ತಂಡದ ಬಗ್ಗೆ ಬಂದಿದ್ದರೆ ನಂಬುತ್ತಿದ್ದಿರಾ ಅಂತ ಕೇಳಿಕೊಳ್ಳಿ.

ಬೆಂಗಳೂರಿನಿಂದ ಒಂದು ವಾರ

ಇಷ್ಟೆಲ್ಲ ಆದಮೇಲೆ ವಾರದಲ್ಲಿ ಮಾಡುವುದು ತುಂಬಾ ಕಡಿಮೆ. ಮಂಗಳವಾರ ಸಿಡ್ನಿಯ ಸಂಜೆ ನಾಲ್ಕಕ್ಕೆ ಎನ್‌ಆರ್‌ಎಲ್ ಸೈಟಿನಲ್ಲಿ ಎಲ್ಲ ತಂಡಗಳ ಪಟ್ಟಿ ಬರುತ್ತದೆ. ನಮ್ಮಲ್ಲಿ ಆಗ ಬೆಳಿಗ್ಗೆ ಹನ್ನೊಂದೂವರೆ, ಅವರು ಬೇಸಿಗೆಗೆ ಗಡಿಯಾರ ಮುಂದಿಟ್ಟಿದ್ದರೆ ಹತ್ತೂವರೆ. ಯಾರಿಗೆ ಗಾಯ, ಯಾರನ್ನು ಕೈಬಿಟ್ಟರು ಅಂತ ಶನಿವಾರದಿಂದ ಬಂದ ಅಂತೆಕಂತೆಗಳನ್ನೆಲ್ಲ ಆಗ ಒಂದೊಂದಾಗಿ ಹೊಡೆದುಹಾಕಬಹುದು. ನಾನು ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಯಾವ ವರದಿಗಾರ ಏನು ಬರೆದರು, ಏನಾಯಿತು ಅಂತ ಎರಡು ಕಾಲಮ್. ಒಂದು ಸೀಸನ್ ಬರೆದರೆ ಸಾಕು, ಯಾರ ಹೆಸರು ಕಂಡರೆ ನಂಬಬೇಕು, ಯಾರದ್ದನ್ನು ಬಿಟ್ಟುಬಿಡಬೇಕು ಅಂತ ಗೊತ್ತಾಗುತ್ತದೆ. ಪತ್ರಿಕೆಯನ್ನು ನಂಬುವುದಕ್ಕಿಂತ ಬರೆದವರ ಹೆಸರು ನೋಡಿ ನಂಬುವುದು ವಾಸಿ, ಒಂದೇ ಪತ್ರಿಕೆಯಲ್ಲಿ ಎರಡೂ ತರಹದವರು ಇರುತ್ತಾರೆ.

ಪಂದ್ಯವನ್ನು ಪೂರ್ತಿ ನೋಡಿ. ಶುಕ್ರವಾರ ರಾತ್ರಿ ಎಂಟರ ಪಂದ್ಯ ಇಲ್ಲಿ ಮಧ್ಯಾಹ್ನ ಮೂರೂವರೆಗೆ, ಆಫೀಸಿನಲ್ಲಿ ಇದ್ದರೆ ವಾಚ್ ಎನ್‌ಆರ್‌ಎಲ್ ಆ್ಯಪಿನಲ್ಲಿ ಸಂಜೆ ಮೆಟ್ರೊದಲ್ಲಿ ನೋಡಬಹುದು. ಆಮೇಲೆ ವರದಿ ಓದಿ. ಮೊದಲು ವರದಿ ಓದಿ ಆಮೇಲೆ ಆಟ ನೋಡಿದರೆ ವರದಿಗಾರ ಕಂಡದ್ದನ್ನೇ ನೀವೂ ಕಾಣುತ್ತೀರಿ.

ಭಾವನ ಆ ಜೆರ್ಸಿ ಈಗ ಅವರ ಮಗ ರಾತ್ರಿ ಮಲಗುವಾಗ ಹಾಕಿಕೊಳ್ಳುತ್ತಾನೆ. ಬೆನ್ನ ಮೇಲಿನ ಹೆಸರಿನಲ್ಲಿ ಎರಡು ಅಕ್ಷರ ಕಿತ್ತುಹೋಗಿವೆ. ಹೋದ ವಾರ ಅವರಿಂದ ಮೆಸೇಜ್ ಬಂತು: ‘ಹೊಸ ಹಾಫ್‌ಬ್ಯಾಕ್ ಬರ್ತಾನಂತೆ ಕಣೋ.’ ಯಾರು ಹೇಳಿದ್ದು ಭಾವ ಅಂತ ಕೇಳಿದೆ. ಇನ್ನೂ ಉತ್ತರ ಬಂದಿಲ್ಲ.